ಕಿವಿ, ನಿದ್ದೆ ಮತ್ತು ಸೈಲೆನ್ಸರ್ ಬಿಚ್ಚಿದ ಬೈಕು

ಪ್ರಶ್ನೆ: ಡಾಕ್ಟ್ರೇ, ನಮ್ಮ ಮನೆ ಬಳೇಪೇಟೆಯ ಒಳಬೀದಿಯ ಒಂದು ವಠಾರದಲ್ಲಿದೆ. ಮಗನಿಗೆ 23 ವರ್ಷ. ಅವರಪ್ಪ ತಮ್ಮ ಹೆಸರಿನಲ್ಲಿ ಕೊಡಿಸಿದ 350 ಸಿಸಿ ಬುಲೆಟ್‌ಗೆ ಹೋದ ತಿಂಗಳು ‘ಪಂಜಾಬಿ ಸೈಲೆನ್ಸರ್’ ಹಾಕಿಸಿಕೊಂಡು ಬಂದಿದ್ದಾನೆ. ಕೆಲಸ ಮುಗಿಸಿ ಬರುವಾಗ ರಾತ್ರಿ ಹನ್ನೊಂದೂವರೆ. ಗಾಡಿ ಬೀದಿಗೆ ತಿರುಗಿದ ಕೂಡಲೇ ಕಿಟಕಿ ಗಾಜು ಗಡಗಡ ಅನ್ನುತ್ತದೆ. ಬಿ.ಪಿ. ಇರುವ ನಮ್ಮತ್ತೆ ಎದೆ ಹಿಡಿದುಕೊಂಡು ಎದ್ದು ಕೂರುತ್ತಾರೆ. ಪಕ್ಕದ ಮನೆಯಲ್ಲಿ ಹಸಿ ಬಾಣಂತಿ. ಕೂಸು ಬೆಚ್ಚಿಬಿದ್ದು ಅಳುತ್ತದೆ. ಕೇಳಿದರೆ, “ಅಮ್ಮಾ, ಒಂದು ನಿಮಿಷದ ಸದ್ದು, ಅಷ್ಟಕ್ಕೆ ಯಾರಿಗೇನಾಗುತ್ತೆ?” ಅಂತಾನೆ. ಅವನ ಮಾತು ನಿಜವೇ? ಪೊಲೀಸರು ಹಿಡಿದರೆ ಏನಾಗುತ್ತದೆ?
– ಒಬ್ಬ ತಾಯಿ, ಬಳೇಪೇಟೆ

ಉತ್ತರ: ನಿಮ್ಮ ಅತ್ತೆಯವರು ಎದೆ ಹಿಡಿದುಕೊಳ್ಳುವುದಕ್ಕೆ ಕಾರಣವಿದೆ ತಾಯಿ. ನಿದ್ದೆ ಬಂದಾಗ ಕಣ್ಣು ಮುಚ್ಚುತ್ತದೆ, ಕಿವಿ ಮುಚ್ಚುವುದಿಲ್ಲ. ಮಲಗಿದವರ ಕಿವಿಗೆ ದಿಢೀರನೆ ಸದ್ದು ಬಿದ್ದರೆ, ಏನೆಂದು ತಿಳಿಯುವ ಮೊದಲೇ ಮಿದುಳು ಅದನ್ನು ಅಪಾಯವೆಂದು ಎಣಿಸುತ್ತದೆ. ಅಡ್ರಿನಲಿನ್ ಹರಿಯುತ್ತದೆ, ಎದೆ ಬಡಿತ ಏರುತ್ತದೆ, ರಕ್ತನಾಳ ಬಿಗಿಯುತ್ತದೆ, ಬಿ.ಪಿ. ಹೆಚ್ಚುತ್ತದೆ. ಎಚ್ಚರವೇ ಆಗದವರಲ್ಲೂ ಇದು ನಡೆಯುತ್ತದೆ. ಬೆಳಿಗ್ಗೆ ಎದ್ದು ‘ಚೆನ್ನಾಗಿ ಮಲಗಿದ್ದೆ’ ಅಂದುಕೊಳ್ಳುತ್ತಾರೆ, ಮೈ ಮಾತ್ರ ಭಾರವಾಗಿರುತ್ತದೆ. ಒಂದು ರಾತ್ರಿಯಾದರೆ ಶರೀರ ಸಹಿಸಿಕೊಳ್ಳುತ್ತದೆ. ವರ್ಷಗಟ್ಟಲೆ ವಾಹನಗಳ ಸದ್ದಿನಲ್ಲೇ ಮಲಗುವವರಲ್ಲಿ ಹೃದ್ರೋಗ ಹೆಚ್ಚು ಎಂಬುದಕ್ಕೆ ಗಟ್ಟಿ ಆಧಾರವಿದೆ. ರಾತ್ರಿ ಹೊತ್ತು ರಸ್ತೆ ಸಂಚಾರದ ಸದ್ದು ಸರಾಸರಿ 45 ಡೆಸಿಬೆಲ್ ದಾಟಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ವಿಭಾಗ 2018ರಲ್ಲಿ ಹೇಳಿದ್ದು ಇದೇ ಕಾರಣಕ್ಕೆ. ನಮ್ಮ ದೇಶದ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳಲ್ಲೂ ವಾಸದ ಬಡಾವಣೆಗೆ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಇರುವ ಮಿತಿ 45. ನಿಮ್ಮದು ಅಂಗಡಿ ಬೀದಿ ಎಂದು ಲೆಕ್ಕ ಹಾಕಿದರೂ 55.

ಮಗನ ಗಾಡಿ ಎಷ್ಟು ಸದ್ದು ಮಾಡುತ್ತದೆ? ಕಾರ್ಖಾನೆಯಿಂದ ಬಂದಾಗ ಅದಕ್ಕೂ ಒಂದು ಮಿತಿ ಇತ್ತು. 175 ಸಿಸಿ ಮೀರಿದ ಬೈಕ್ ಬಯಲಿನಲ್ಲಿ ವೇಗ ಹೆಚ್ಚಿಸಿಕೊಂಡು ಹೋಗುವಾಗ, ಏಳೂವರೆ ಮೀಟರ್ ದೂರದ ಮೈಕಿಗೆ 80 ಡೆಸಿಬೆಲ್‌ಗಿಂತ ಹೆಚ್ಚು ಕೇಳಿಸಬಾರದು. ಸೈಲೆನ್ಸರ್ ಒಳಗೆ ಕೋಣೆಗಳಿರುತ್ತವೆ, ತೂತುಬಿದ್ದ ಕೊಳವೆಗಳಿರುತ್ತವೆ. ಇಂಜಿನ್‌ನಿಂದ ಸಿಡಿದು ಬರುವ ಹೊಗೆ ಅಲ್ಲಿ ಹಿಗ್ಗಿ, ಬಳಸಿ, ತಣಿದು ಹೊರಬರುತ್ತದೆ. ಪಂಜಾಬಿ, ಇಂದೋರಿ, ಶಾರ್ಟ್ ಬಾಟಲ್ ಎಂದೆಲ್ಲ ಮಾರುವ ಮಾದರಿಗಳಲ್ಲಿ ಈ ಒಳಗಿನ ಏರ್ಪಾಡು ತೀರಾ ಕಡಿಮೆ. ಕೆಲವು ಬರೀ ಕೊಳವೆ. ಡೆಸಿಬೆಲ್ ಲೆಕ್ಕ ಕೂಡ ನಮ್ಮ ಮಾಮೂಲಿ ಲೆಕ್ಕದ ಹಾಗಲ್ಲ. 10 ಡೆಸಿಬೆಲ್ ಹೆಚ್ಚಿದರೆ ಶಬ್ದದ ಶಕ್ತಿ ಹತ್ತು ಪಟ್ಟು, 20 ಹೆಚ್ಚಿದರೆ ನೂರು ಪಟ್ಟು. ಅದರ ಮೇಲೆ ನಿಮ್ಮ ಬೀದಿ. ಕೆಂಪೇಗೌಡರ ಪೇಟೆಗಳ ಓಣಿಗಳು ಎತ್ತಿನಗಾಡಿಯ ಕಾಲದವು. ಈಗ ಎರಡೂ ಬದಿಗೆ ನಾಲ್ಕೈದು ಅಂತಸ್ತು ಎದ್ದಿವೆ. ಬಯಲಿನಲ್ಲಿ ಚದುರಿ ಹೋಗುವ ಸದ್ದು ಇಲ್ಲಿ ಗೋಡೆಯಿಂದ ಗೋಡೆಗೆ ಬಡಿದು ಮೇಲಿನ ಮಹಡಿಗೇ ಏರುತ್ತದೆ. ಬುಲೆಟ್ಟಿನದು ತಗ್ಗು ಸ್ಥಾಯಿಯ ಗುಡುಗು. ಬಾಗಿಲು ಹಾಕಿಕೊಂಡರೂ ಅದು ನಿಲ್ಲುವುದಿಲ್ಲ. ಗಾಜು ನಡುಗುವುದು ಅದಕ್ಕೇ.

ಕೂಸಿನ ವಿಷಯದಲ್ಲಿ ಬಾಣಂತಿಗೆ ಧೈರ್ಯ ಹೇಳಿ. ಎಳೆಗೂಸು ಸದ್ದಿಗೆ ಕೈಕಾಲು ಚಾಚಿ ಬೆಚ್ಚುವುದು ಸಹಜ. ಅದು ಕಿವಿ ಕೇಳಿಸುತ್ತಿದೆ ಎನ್ನುವುದಕ್ಕೂ ಗುರುತು. ಗೋಡೆಯಾಚೆಯಿಂದ ಬಂದ ಸದ್ದಿನಿಂದ ಅದರ ಕಿವಿ ಕೆಡುವುದಿಲ್ಲ. ಆದರೆ ಎರಡು ಗಂಟೆಗೊಮ್ಮೆ ಎದ್ದು ಹಾಲೂಡುವ ಹೆಣ್ಣುಮಗಳಿಗೆ ಸಿಕ್ಕ ಒಂದು ತುಣುಕು ನಿದ್ದೆಯನ್ನೂ ಕಿತ್ತುಕೊಳ್ಳುವುದು ನನಗೆ ಸಣ್ಣ ವಿಷಯ ಅನ್ನಿಸುವುದಿಲ್ಲ. ಇನ್ನೊಂದು: ಕೂಸನ್ನು ಎತ್ತಿಕೊಂಡು ಆ ಗಾಡಿಯ ಹಿಂದೆ ಯಾರೂ ನಿಲ್ಲಬಾರದು. ಪಟಾಕಿಯಂತೆ ಸಿಡಿಯುವ ಸದ್ದು ಹತ್ತಿರದಿಂದ ಬಿದ್ದರೆ ಒಂದೇ ಸಲಕ್ಕೆ ಕಿವಿಗೆ ಪೆಟ್ಟಾಗಬಹುದು.

ಅತ್ತೆಯವರ ಬಿ.ಪಿ.ಯನ್ನು ಒಂದು ವಾರ ಬೆಳಿಗ್ಗೆ ಎದ್ದ ಮೇಲೆ, ರಾತ್ರಿ ಮಲಗುವ ಮುಂಚೆ ನೋಡಿ ಬರೆದಿಡಿ. ನಿಮ್ಮ ವೈದ್ಯರಿಗೆ ತೋರಿಸಿ. ಎಲ್ಲವನ್ನೂ ಬೈಕಿನ ತಲೆಗೆ ಕಟ್ಟಿ ಸುಮ್ಮನಾಗಬೇಡಿ. ಎದೆನೋವಿನ ಜೊತೆ ಬೆವರು, ಉಬ್ಬಸ, ಎಡಗೈ ಅಥವಾ ದವಡೆಯ ನೋವು ಇದ್ದರೆ ಆ ರಾತ್ರಿಯೇ ಇಸಿಜಿ ಆಗಬೇಕು.

ಇನ್ನು ಕಾನೂನು. ಪ್ರತಿ ಮೋಟಾರು ವಾಹನಕ್ಕೂ ಸದ್ದು ತಗ್ಗಿಸುವ ಸೈಲೆನ್ಸರ್ ಇರಲೇಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳ 120ನೇ ನಿಯಮ ಹೇಳುತ್ತದೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ ಕಲಂ 190(2)ರಂತೆ ಶಬ್ದದ ಮಿತಿ ಮೀರಿದ ಗಾಡಿ ಓಡಿಸಿದವರಿಗೆ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಜೈಲು, ಅಥವಾ ಎರಡೂ. ಜೊತೆಗೆ ಮೂರು ತಿಂಗಳು ಲೈಸೆನ್ಸ್ ಹೊಂದಲು ಅನರ್ಹತೆ. ನೀವು ಬರೆದಿರುವ ಒಂದು ಮಾತು ಇಲ್ಲಿ ಮುಖ್ಯ: ಗಾಡಿ ನಿಮ್ಮ ಯಜಮಾನರ ಹೆಸರಿನಲ್ಲಿದೆ. ಕಲಂ 182ಎ(4) ಗಾಡಿಯ ಮಾಲೀಕನನ್ನು ಕುರಿತದ್ದು. ಅನುಮತಿಯಿಲ್ಲದೆ ಭಾಗ ಬದಲಿಸಿದರೆ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಮಗ ಹಾಕಿಸಿದ್ದಕ್ಕೆ ಅಪ್ಪ ಉತ್ತರ ಕೊಡಬೇಕಾಗಿ ಬಂದೀತು. ಅಪಘಾತವಾದರೆ ವಿಮೆಯವರು ತಕರಾರು ತೆಗೆಯಲೂ ಇದು ದಾರಿ. ಉಡುಪಿ, ಶಿವಮೊಗ್ಗದಂಥ ಊರುಗಳಲ್ಲಿ ಪೊಲೀಸರು ಕಳಚಿಸಿದ ಸೈಲೆನ್ಸರುಗಳನ್ನು ಸಾಲಾಗಿ ಮಲಗಿಸಿ ರೋಡ್ ರೋಲರ್ ಹತ್ತಿಸಿದ ಚಿತ್ರಗಳನ್ನು ನೀವೂ ಪತ್ರಿಕೆಯಲ್ಲಿ ನೋಡಿರಬಹುದು.

ಮಗನನ್ನು ಬೈಯುವ ಮೊದಲು ಒಂದು ಕೆಲಸ ಮಾಡಿ. ಒಂದು ಸಂಜೆ ಅವನ ಗೆಳೆಯನಿಗೆ ಗಾಡಿ ಕೊಟ್ಟು ಬೀದಿಯಲ್ಲಿ ಒಮ್ಮೆ ಬರಹೇಳಿ. ಮಗ ಅಜ್ಜಿಯ ಪಕ್ಕ ಮಂಚದ ಮೇಲೆ ಕೂತು, ಅಜ್ಜಿಯ ಕೈನಾಡಿ ಹಿಡಿದುಕೊಂಡಿರಲಿ. ಗಾಡಿಯ ಮೇಲೆ ಕೂತವನಿಗೆ ಗೊತ್ತಾಗದ್ದು ಅಲ್ಲಿ ಗೊತ್ತಾಗುತ್ತದೆ. ಹಳೆಯ ಸೈಲೆನ್ಸರ್ ಎಸೆದಿರಲಾರ, ಅದನ್ನೇ ಮತ್ತೆ ಹಾಕಿಸಲಿ. ಅಲ್ಲಿಯವರೆಗೆ ಬೀದಿಯ ತುದಿಯಲ್ಲೇ ಇಂಜಿನ್ ನಿಲ್ಲಿಸಿ ತಳ್ಳಿಕೊಂಡು ಬರಲಿ. ಭಾರದ ಗಾಡಿಯೇ, ಆದರೆ ಅವನಿಗೆ 23 ವರ್ಷ.

ಪ್ರಶ್ನೆ: ನಾನು ಚಾಮರಾಜಪೇಟೆಯವನು, 26 ವರ್ಷ. ಭಾನುವಾರ ಗೆಳೆಯರ ಜೊತೆ ನಂದಿ ಬೆಟ್ಟಕ್ಕೋ ಶಿವಗಂಗೆಗೋ ರೈಡ್ ಹೋಗುತ್ತೇನೆ. ಫ್ರೀ ಫ್ಲೋ ಎಕ್ಸಾಸ್ಟ್ ಇದೆ. ಮನೆಗೆ ಬಂದ ಮೇಲೆ ಕಿವಿಯಲ್ಲಿ ಗುಂಯ್ ಅನ್ನುತ್ತಿರುತ್ತದೆ, ಹತ್ತಿ ತುರುಕಿದ ಹಾಗೆ ಮಂಕು. ಮರುದಿನ ಸರಿಹೋಗುತ್ತದೆ. ಇದಕ್ಕೆ ಚಿಂತೆ ಮಾಡಬೇಕೇ? ಜೋರು ಸದ್ದಿದ್ದರೆ ಕಾರು, ಲಾರಿಯವರಿಗೆ ನಾವು ಬರುವುದು ತಿಳಿದು ಜೀವ ಉಳಿಯುತ್ತದೆ ಎನ್ನುತ್ತಾರಲ್ಲ?

ಉತ್ತರ: ಚಿಂತೆ ಮಾಡಬೇಕು, ಈಗಲೇ. ಒಳಗಿವಿಯ ಶಂಖದಲ್ಲಿ ಸುಮಾರು 15,000 ರೋಮಕೋಶಗಳಿವೆ. ಹುಟ್ಟುವಾಗ ಬಂದಷ್ಟೇ, ಸತ್ತರೆ ಮತ್ತೆ ಹುಟ್ಟುವುದಿಲ್ಲ. ಗಾಳಿಗೆ ಬಾಗಿದ ಪೈರು ಬೆಳಗಾಗುವಷ್ಟರಲ್ಲಿ ಎದ್ದು ನಿಲ್ಲುವಂತೆ ಈ ಕೋಶಗಳೂ ಒಂದು ದಿನದಲ್ಲಿ ಚೇತರಿಸಿಕೊಳ್ಳುತ್ತವೆ. ನಿಮಗೆ ಮರುದಿನ ಸರಿಹೋಗುವುದು ಇದರಿಂದ. ವಾರ ವಾರವೂ ಬಾಗಿಸಿದರೆ ಕೆಲವು ಏಳುವುದೇ ಇಲ್ಲ. ಗುಂಯ್ ಎನ್ನುವ ಆ ಸದ್ದು ಕಿವಿ ಕೊಡುವ ದೂರು.

ಲೆಕ್ಕ ಹೀಗಿದೆ. 85 ಡೆಸಿಬೆಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ಸಹಿಸಬಹುದು. ಮೂರು ಡೆಸಿಬೆಲ್ ಏರಿದಾಗಲೆಲ್ಲ ಸಮಯ ಅರ್ಧವಾಗುತ್ತದೆ: 88ಕ್ಕೆ ನಾಲ್ಕು ಗಂಟೆ, 94ಕ್ಕೆ ಒಂದು ಗಂಟೆ, 100ಕ್ಕೆ ಕಾಲು ಗಂಟೆ. ಹೆದ್ದಾರಿಯಲ್ಲಿ ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಹೆಲ್ಮೆಟ್ಟಿನ ಸುತ್ತ ಸೀಳುವ ಗಾಳಿಯ ಸದ್ದೇ 95 ದಾಟಬಹುದು. ಅದರ ಮೇಲೆ ನಿಮ್ಮ ಎಕ್ಸಾಸ್ಟ್, ಪಕ್ಕದ ನಾಲ್ವರದ್ದು ಬೇರೆ. ಕಾಲು ಗಂಟೆಯ ಲೆಕ್ಕ ಊರು ದಾಟುವ ಮೊದಲೇ ಮುಗಿದಿರುತ್ತದೆ.

ಇಂಥ ಕಿವುಡುತನ ಮೊದಲು 4,000 ಹರ್ಟ್ಸ್ ಸುತ್ತಮುತ್ತಲಿನ ತೀಕ್ಷ್ಣ ಸ್ವರಗಳನ್ನು ನುಂಗುತ್ತದೆ. ನಮ್ಮ ಮಾತಿನಲ್ಲಿ ಸ, ಶ, ತ, ಕ ಅಕ್ಷರಗಳ ಹರಿತ ಅಲ್ಲಿದೆ. ‘ಹಾಸು’ ಅಂದದ್ದೋ ‘ಹಾಕು’ ಅಂದದ್ದೋ ತಿಳಿಯುವುದಿಲ್ಲ. ದನಿ ಕೇಳುತ್ತದೆ, ಮಾತು ಅರ್ಥವಾಗುವುದಿಲ್ಲ. ಮದುವೆ ಮನೆಯಲ್ಲಿ, ಹೋಟೆಲಿನಲ್ಲಿ ‘ಆಂ?’ ಎಂದು ಎರಡೆರಡು ಸಲ ಕೇಳುವುದು ಶುರುವಾಗುತ್ತದೆ. ಎಳೆಯ ವಯಸ್ಸಿನವರಲ್ಲಿ ಇದನ್ನು ನೋಡಿದಾಗ ನನಗೆ ತುಂಬ ಸಂಕಟವಾಗುತ್ತದೆ. ಇದು ತಡೆಯಬಹುದಾಗಿದ್ದ ನಷ್ಟ, ಕೊಡಲು ಔಷಧಿಯೂ ಇಲ್ಲ.

ಒಮ್ಮೆ ಆಡಿಯೋಗ್ರಾಂ, ಅಂದರೆ ಶ್ರವಣ ಪರೀಕ್ಷೆ ಮಾಡಿಸಿ. ನಿಮಗೆ ಹತ್ತಿರದಲ್ಲೇ ವಿಕ್ಟೋರಿಯಾ ಆಸ್ಪತ್ರೆ ಆವರಣದ ಶ್ರೀ ವೆಂಕಟೇಶ್ವರ ಇಎನ್‌ಟಿ ಸಂಸ್ಥೆ ಇದೆ. ಉದ್ದ ರೈಡ್‌ಗೆ ಮೆತ್ತನೆಯ ಫೋಮ್ ಇಯರ್‌ಪ್ಲಗ್ ಒಳ್ಳೆಯದು. ಹಾರ್ನ್ ಕೇಳಿಸುತ್ತದೆ, ಗಾಳಿಯ ಮೊರೆತ ತಗ್ಗುತ್ತದೆ. ಹಾಡು ಕೇಳುವ ಇಯರ್‌ಫೋನ್ ಬೇಡ. ಎಂದಾದರೂ ಒಂದು ಕಿವಿ ದಿಢೀರನೆ ಮಂಕಾಗಿ ಮರುದಿನವೂ ಬಿಡದಿದ್ದರೆ ಕಾಯುತ್ತ ಕೂರಬೇಡಿ. ಮೊದಲ ಎರಡು ಮೂರು ದಿನದೊಳಗೆ ಚಿಕಿತ್ಸೆ ಸಿಕ್ಕರೆ ಉಳಿಸಿಕೊಳ್ಳುವ ಅವಕಾಶ ಹೆಚ್ಚು.

ಜೀವ ಉಳಿಯುವ ಮಾತು ನಾನು ಒಪ್ಪುವುದಿಲ್ಲ. ಸೈಲೆನ್ಸರ್ ಬಾಯಿ ಹಿಂದಕ್ಕಿದೆ, ನಿಮಗೆ ಅಪಾಯ ಹೆಚ್ಚಾಗಿ ಬರುವುದು ಮುಂದಿನಿಂದ. ಗಾಜು ಏರಿಸಿ ಎ.ಸಿ., ಹಾಡು ಹಾಕಿಕೊಂಡವರಿಗೆ ನಿಮ್ಮ ಸದ್ದು ತಲುಪುವಷ್ಟರಲ್ಲಿ ನೀವು ಪಕ್ಕಕ್ಕೇ ಬಂದಿರುತ್ತೀರಿ. ನಿಮ್ಮದೇ ಗದ್ದಲದಲ್ಲಿ ಹಿಂದಿನ ಆಂಬುಲೆನ್ಸ್ ನಿಮಗೆ ಕೇಳಿಸುವುದಿಲ್ಲ. ಕಾಣಿಸಿಕೊಳ್ಳಲು 2017ರ ಏಪ್ರಿಲ್‌ನಿಂದ ಹೊಸ ದ್ವಿಚಕ್ರ ವಾಹನಗಳ ಹೆಡ್‌ಲೈಟ್ ಸದಾ ಉರಿಯುವಂತೆ ಮಾಡಿದ್ದಾರೆ. ಹೊಳೆಯುವ ಬಣ್ಣದ ಜಾಕೆಟ್ ಹಾಕಿಕೊಳ್ಳಿ.

ಪ್ರಶ್ನೆ: ಬದಲಿ ಸೈಲೆನ್ಸರ್‌ಗೆ ಸದ್ದು ತಗ್ಗಿಸುವ ‘ಡಿಬಿ ಕಿಲ್ಲರ್’ ತುರುಕಿದರೆ ಕಾನೂನಿಗೂ ಕಿವಿಗೂ ಸಾಕಲ್ಲವೇ?

ಉತ್ತರ: ಸದ್ದು ಸ್ವಲ್ಪ ತಗ್ಗುತ್ತದೆ, ಆದರೆ ಮಿತಿಯೊಳಗೆ ಬಂತೆಂದು ಹೇಳಲಾಗುವುದಿಲ್ಲ, ಹೆಚ್ಚಿನವರು ಊರಾಚೆ ಹೋದ ಕೂಡಲೇ ಅದನ್ನು ಬಿಚ್ಚಿಡುತ್ತಾರೆ. ತಯಾರಕರು ಮಾಡಿಕೊಟ್ಟ ರೂಪಕ್ಕೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಈಚಿನ ಬೈಕುಗಳಲ್ಲಿ ಹೊಗೆಯ ವಿಷ ತಗ್ಗಿಸುವ ಕೆಟಲಿಟಿಕ್ ಕನ್ವರ್ಟರ್ ಕೂಡ ಹೊಗೆಕೊಳವೆಯ ಸಾಲಿನಲ್ಲೇ ಇರುತ್ತದೆ. ಪೂರಾ ಸೆಟ್ ಬದಲಿಸಿದರೆ ಅದೂ ಹೋಗುತ್ತದೆ.

ಪ್ರಶ್ನೆ: ಬಳೇಪೇಟೆಯಲ್ಲಿ ನಮ್ಮದು ವಾದ್ಯಗಳ ಅಂಗಡಿ. ಹೊರಗೆ ಈ ಬೈಕುಗಳು ಹೋಗುವಾಗ ತಬಲಾ ಶ್ರುತಿ ಮಾಡುವುದನ್ನೇ ನಿಲ್ಲಿಸಬೇಕಾಗುತ್ತದೆ. ಬೈದರೆ ಹುಡುಗರು, “ನಿಮ್ಮ ಡೋಲಿನ ಸದ್ದು ಸದ್ದಲ್ಲವೇ?” ಎಂದು ತಿರುಗಿ ಕೇಳುತ್ತಾರೆ. ಏನು ಹೇಳಲಿ?

ಉತ್ತರ: ಅವರ ಪ್ರಶ್ನೆಯಲ್ಲಿ ಅರ್ಧ ಸತ್ಯವಿದೆ, ಅದನ್ನು ಒಪ್ಪಿಕೊಳ್ಳಿ. ರೋಮಕೋಶಗಳಿಗೆ ರಾಗ ತಾಳ ತಿಳಿಯದು. ಅವು ಅಳೆಯುವುದು ಸದ್ದಿನ ಪೆಟ್ಟನ್ನು ಮಾತ್ರ. ನಾಗಸ್ವರ, ಡೋಲು, ತಮಟೆ ಹತ್ತಿರದಿಂದ ಕೇಳಿದರೆ 100 ಡೆಸಿಬೆಲ್ ಮುಟ್ಟಬಲ್ಲವು. ವಾಲಗದವರಲ್ಲಿ, ಬ್ಯಾಂಡಿನವರಲ್ಲಿ ಕಿವುಡು ಹೊಸದಲ್ಲ. ಆದರೆ ವಾಲಗ ಮುಹೂರ್ತಕ್ಕೆ ಊದುತ್ತದೆ, ಜನ ಅದನ್ನು ಕೇಳಲೆಂದೇ ಬರುತ್ತಾರೆ. ನಡುರಾತ್ರಿ ಮಲಗಿದವರ ಮೇಲೆ ಬಂದೆರಗುವ ಸದ್ದನ್ನು ಯಾರೂ ಕೇಳಿಕೊಂಡಿರುವುದಿಲ್ಲ. ಇನ್ನೊಬ್ಬರು ಒಲ್ಲದ ಸದ್ದನ್ನು ಅವರ ಕಿವಿಗೆ ತುರುಕುವ ಹಕ್ಕು ಯಾರಿಗೂ ಇಲ್ಲವೆಂದು ಸುಪ್ರೀಂ ಕೋರ್ಟ್ 2005ರ ಜುಲೈ 18ರ ತೀರ್ಪಿನಲ್ಲಿ ಹೇಳಿತು. ನೆಮ್ಮದಿಯಿಂದ ಬದುಕುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನೊಳಗೇ ಸೇರುತ್ತದೆ ಎಂದೂ ಹೇಳಿತು. ಹುಡುಗರಿಗೆ ಇದನ್ನು ಸಮಾಧಾನದಿಂದ ಹೇಳಿ. ಕೇಳದೆ ರಾತ್ರಿ ಹೊತ್ತು ಓಣಿಯಲ್ಲಿ ಸುತ್ತುತ್ತಿದ್ದರೆ ಗಾಡಿ ನಂಬರ್ ಬರೆದುಕೊಂಡು 112ಕ್ಕೆ ಕರೆ ಮಾಡಿ.

ನಿಮ್ಮ ಕಿವಿಯನ್ನೂ ನೋಡಿಕೊಳ್ಳಿ. ಗಿರಾಕಿ ಡೋಲು ಬಾರಿಸಿ ನೋಡುವಾಗ ಅಂಗಡಿಯ ಮೂಲೆಯಲ್ಲಿ ಬೇಡ, ಬಾಗಿಲ ಬಳಿ ಬಾರಿಸಲಿ. ನೀವು ಎರಡು ಹೆಜ್ಜೆ ಹಿಂದೆ ನಿಲ್ಲಿ, ಕೆಲಸದ ಹುಡುಗನನ್ನೂ ನಿಲ್ಲಿಸಿ. ವರ್ಷಕ್ಕೊಮ್ಮೆ ಇಬ್ಬರೂ ಶ್ರವಣ ಪರೀಕ್ಷೆ ಮಾಡಿಸಿ. ಸದ್ದಿನಿಂದ ದಣಿದ ಕಿವಿಯಲ್ಲಿ ಪರೀಕ್ಷೆ ಸರಿಯಾಗಿ ಬರುವುದಿಲ್ಲ. ಅಂಗಡಿಗೆ ರಜೆ ಇದ್ದ ದಿನದ ಮರುಬೆಳಿಗ್ಗೆ, ಬಾಗಿಲು ತೆರೆಯುವ ಮೊದಲೇ ಹೋಗಿ ಬನ್ನಿ.