ಬಿಡುವಿನ ದಿನಗಳಲ್ಲಿ ತನು-ಮನಗಳ ವಿಶ್ರಾಂತಿ

ದಸರೆಯ ರಜೆ ಮುಗಿಸಿ ಕೆಲಸಕ್ಕೆ ಮರಳುವವರಲ್ಲಿ ಅನೇಕರು ರಜೆಗೆ ಮುನ್ನ ಇದ್ದುದಕ್ಕಿಂತಲೂ ಹೆಚ್ಚು ದಣಿದಿರುತ್ತಾರೆ. ತಲೆಭಾರ, ಅಜೀರ್ಣ, ಬೆಳಿಗ್ಗೆ ಏಳಲಾರದ ಆಲಸ್ಯ ಇವು ಸಾಮಾನ್ಯ. ಕೆಲಸ ನಿಂತೊಡನೆ ವಿಶ್ರಾಂತಿ ತಾನಾಗಿಯೇ ದೊರೆಯುವುದೆಂದು ನಾವು ಭಾವಿಸುತ್ತೇವೆ. ಆದರೆ ತಿಂಗಳುಗಟ್ಟಲೆ ಬಿಗಿದುಕೊಂಡ ಹೆಗಲಿಗೂ ಓಡುತ್ತಲೇ ಇರುವ ಮನಸ್ಸಿಗೂ ರಜೆಯ ಸುದ್ದಿ ತಲುಪಿರುವುದಿಲ್ಲ. ಅವುಗಳನ್ನು ಸಡಿಲಿಸುವುದನ್ನು ನಾವು ಅಭ್ಯಾಸದಿಂದ ಕಲಿಯಬೇಕು.

ಮೊದಲು ನಿದ್ರೆಯ ವಿಚಾರ. ನಮ್ಮ ಮಿದುಳಿನಲ್ಲಿ ಸುಮಾರು 24 ಗಂಟೆಗಳ ಲಯದಲ್ಲಿ ನಡೆಯುವ ಜೈವಿಕ ಗಡಿಯಾರವೊಂದಿದೆ. ಬೆಳಗಿನ ಬೆಳಕು ಕಣ್ಣಿನ ಮೂಲಕ ಅದನ್ನು ಪ್ರತಿದಿನವೂ ಸರಿಪಡಿಸುತ್ತದೆ. ಮಧ್ಯರಾತ್ರಿ ಕಳೆದರೂ ಮೊಬೈಲ್ ನೋಡುತ್ತ ಕುಳಿತು ಬೆಳಿಗ್ಗೆ ಒಂಬತ್ತಕ್ಕೆ ಎದ್ದರೆ ಆ ಗಡಿಯಾರ ಹಿಂದೆ ಬೀಳುತ್ತದೆ. ನಾಲ್ಕಾರು ದಿನ ಹೀಗಾದರೆ, ದೂರದೇಶದಿಂದ ವಿಮಾನದಲ್ಲಿ ಬಂದಿಳಿದವರನ್ನು ಕವಿಯುವಂಥ ಮಂಕು ಮನೆಯಲ್ಲೇ ಕುಳಿತವರನ್ನೂ ಕವಿಯುತ್ತದೆ. ನಿದ್ರೆಯ ಬಾಕಿ ಉಳ್ಳವರು ರಾತ್ರಿ ಬೇಗ ಮಲಗಲಿ. ಮಧ್ಯಾಹ್ನ 20 ನಿಮಿಷ ಒರಗಲಿ. ಏಳುವ ಹೊತ್ತು ಮಾತ್ರ ಒಂದು ಗಂಟೆಗಿಂತ ಹೆಚ್ಚು ಸರಿಯದಿರುವುದು ಒಳಿತು. ಹೋಳಿಗೆಯೂಟದ ನಂತರದ ಮೂರು ಗಂಟೆಯ ನಿದ್ರೆ ಸುಖಕರವೇ ಹೌದು; ಅದರ ಬೆಲೆಯನ್ನು ರಾತ್ರಿ ತೆರಬೇಕಾಗುತ್ತದೆ.

ದೇಹವನ್ನು ಸಡಿಲಿಸುವ ಕ್ರಮವೊಂದನ್ನು ಅಮೆರಿಕದ ವೈದ್ಯ ಎಡ್ಮಂಡ್ ಜೇಕಬ್‌ಸನ್ 1929ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಿವರಿಸಿದರು. ಸ್ನಾಯುಗಳ ಬಿಗುವು ಇಳಿದರೆ ಮನಸ್ಸಿನ ಕಳವಳವೂ ಇಳಿಯುತ್ತದೆ ಎಂಬುದು ಅದರ ಮೂಲತತ್ತ್ವ. ಅವರ ದೀರ್ಘ ಪದ್ಧತಿಯನ್ನು ಮುಂದಿನವರು ಸಂಕ್ಷೇಪಗೊಳಿಸಿದ್ದು, ಶವಾಸನ ಬಲ್ಲವರಿಗೆ ಇದು ಕಠಿಣವಲ್ಲ. ಚಾಪೆಯ ಮೇಲೆ ಅಂಗಾತ ಮಲಗಿ ಪಾದಗಳಿಂದ ಪ್ರಾರಂಭಿಸಬೇಕು. ಕಾಲ್ಬೆರಳುಗಳನ್ನು ಐದಾರು ಸೆಕೆಂಡು ಬಿಗಿಹಿಡಿದು ಒಮ್ಮೆಲೇ ಬಿಡಬೇಕು. ಬಳಿಕ ಅರ್ಧ ನಿಮಿಷ ಏನನ್ನೂ ಮಾಡದೆ, ಬಿಗುವಿಗೂ ಸಡಿಲಿಕೆಗೂ ಇರುವ ವ್ಯತ್ಯಾಸವನ್ನಷ್ಟೇ ಗಮನಿಸಬೇಕು. ಈ ಗಮನವೇ ಅಭ್ಯಾಸದ ಜೀವಾಳ. ಅವಸರದಲ್ಲಿ ಇದನ್ನು ಬಿಟ್ಟವರಿಗೆ ಬರಿಯ ವ್ಯಾಯಾಮವಷ್ಟೇ ಉಳಿಯುತ್ತದೆ. ಹೀಗೆಯೇ ಮೀನಖಂಡ, ತೊಡೆ, ಹೊಟ್ಟೆ, ಮುಷ್ಟಿ, ಹೆಗಲು, ಕೊನೆಗೆ ದವಡೆ ಮತ್ತು ಹಣೆ. ಹಲ್ಲು ಕಚ್ಚಿಕೊಂಡೇ ದಿನ ಕಳೆಯುವವರಿಗೆ ದವಡೆ ಸಡಿಲಗೊಂಡಾಗ ಆಶ್ಚರ್ಯವೇ ಆದೀತು. ಉಸಿರನ್ನು ಎಲ್ಲಿಯೂ ಕಟ್ಟಬಾರದು. ಬೆನ್ನುನೋವು ಅಥವಾ ಇತ್ತೀಚೆಗೆ ಶಸ್ತ್ರಚಿಕಿತ್ಸೆ ಆದವರು ಆ ಭಾಗವನ್ನು ಬಿಗಿಯದೆ ಸುಮ್ಮನೆ ಸಡಿಲಬಿಡಬೇಕು.

ಮಲಗಲು ಸ್ಥಳವಿಲ್ಲದೆಡೆ ಉಸಿರೇ ಸಾಧನ. ಉಸಿರನ್ನು ಹೊರಬಿಡುವಾಗ ಹೃದಯದ ಬಡಿತ ತುಸು ನಿಧಾನವಾಗುತ್ತದೆ, ಒಳಗೆಳೆಯುವಾಗ ತುಸು ಚುರುಕಾಗುತ್ತದೆ. ಆದುದರಿಂದ ನಾಲ್ಕು ಎಣಿಸುತ್ತ ಒಳಗೆಳೆದು ಆರು ಎಣಿಸುತ್ತ ಹೊರಬಿಟ್ಟರೆ, ನಿಮಿಷಕ್ಕೆ ಸುಮಾರು ಆರು ಉಸಿರಾಟಗಳಾಗಿ, ಐದೇ ನಿಮಿಷಗಳಲ್ಲಿ ಮನಸ್ಸು ತಿಳಿಯಾಗತೊಡಗುತ್ತದೆ. ತಲೆ ಸುತ್ತಿದರೆ ನಿಲ್ಲಿಸಿ ಎಂದಿನಂತೆ ಉಸಿರಾಡಬೇಕು.

ಇಷ್ಟೆಲ್ಲ ಹೇಳುವಾಗ ಒಂದು ಪ್ರಶ್ನೆ ಏಳುತ್ತದೆ. ಈ ಬಿಡುವು ಮನೆಯಲ್ಲಿ ಯಾರಿಗಿದೆ? ಮಕ್ಕಳು, ಮೊಮ್ಮಕ್ಕಳು, ನೆಂಟರು ಬಂದಾಗ ಗೃಹಿಣಿಯ ಕೆಲಸ ಇಮ್ಮಡಿಸುತ್ತದೆ. ಎಲ್ಲರೂ ವಿಶ್ರಮಿಸುವ ಮಧ್ಯಾಹ್ನ ಆಕೆ ಪಾತ್ರೆಗಳ ಮುಂದೆ ನಿಂತಿರುತ್ತಾಳೆ. ಮೊಣಕಾಲು ನೋವಿನ ತಾಯಂದಿರಿಗೆ ಯಾವ ಉಸಿರಾಟದ ಉಪದೇಶಕ್ಕಿಂತಲೂ ಅರ್ಧ ಗಂಟೆ ಕುಳಿತುಕೊಳ್ಳುವ ಅವಕಾಶ ಹೆಚ್ಚು ಉಪಕಾರಿ. ಕಾಯಿಪಲ್ಲೆ ಹೆಚ್ಚುವುದನ್ನೂ ಎಲೆ ಎತ್ತುವುದನ್ನೂ ಮನೆಯ ಗಂಡಸರು, ಮಕ್ಕಳು ಹಂಚಿಕೊಂಡರೆ ಆ ಅವಕಾಶ ಆಕೆಗೆ ದೊರೆಯುತ್ತದೆ.

ರಕ್ತದೊತ್ತಡ, ಮಧುಮೇಹ ಇರುವವರು ರಜೆಯೆಂದು ಮಾತ್ರೆ ಬಿಡುವಂತಿಲ್ಲ. ಪ್ರವಾಸದಲ್ಲಿ ಅವನ್ನು ಕೈಚೀಲದಲ್ಲೇ ಇಟ್ಟುಕೊಳ್ಳಬೇಕು. ವಾರಗಟ್ಟಲೆ ನಿದ್ರೆ ಬಾರದಿದ್ದರೆ, ಯಾವುದರಲ್ಲಿಯೂ ಆಸಕ್ತಿ ಮೂಡದಿದ್ದರೆ ಅದನ್ನು ಬರಿಯ ದಣಿವೆಂದು ತಳ್ಳಿಹಾಕದೆ ವೈದ್ಯರನ್ನು ಕಾಣಬೇಕು.