ಚಿನ್ನದ ನಾಣ್ಯ: ಲೋಹದ ಬೆಲೆ, ಸಂಗ್ರಹದ ಬೆಲೆ

ವ್ಯಾಪಾರದಲ್ಲಿ ಉಳಿದ ಹಣವನ್ನು ಚಿನ್ನದ ನಾಣ್ಯಗಳಲ್ಲಿ ತೊಡಗಿಸುವ ವರ್ತಕರು ಹಿಂದಿನಿಂದಲೂ ಇದ್ದಾರೆ. ಗಟ್ಟಿಯನ್ನು ಕತ್ತರಿಸಬೇಕಾಗುತ್ತದೆ; ನಾಣ್ಯಗಳನ್ನು ಬೇಕಾದಾಗ ಒಂದೊಂದಾಗಿ ಮಾರಬಹುದು. ಆದರೆ ಒಂದೇ ನಾಣ್ಯಕ್ಕೆ ಎರಡು ಬೆಲೆಗಳಿರುವುದು ಅನೇಕರ ಗಮನಕ್ಕೆ ಬರುವುದು ಮಾರುವ ದಿನ ಮಾತ್ರ. ಲೋಹದ ಬೆಲೆಯನ್ನು ಚಿನಿವಾರ ಪೇಟೆ ನಿರ್ಧರಿಸುತ್ತದೆ. ಸಂಗ್ರಹದ ಬೆಲೆಯನ್ನು ನಿರ್ಧರಿಸುವವರು ಕೆಲವೇ ಮಂದಿ ಆಸಕ್ತರು.

ಇಂಗ್ಲೆಂಡಿನ ಸಾವರಿನ್ ನಾಣ್ಯದಲ್ಲಿ ಈ ವ್ಯತ್ಯಾಸ ಸ್ಪಷ್ಟವಾಗಿ ಕಾಣುತ್ತದೆ. ಅದರ ತೂಕ 7.988 ಗ್ರಾಂ, 22 ಕ್ಯಾರೆಟ್ಟಿನದಾದ್ದರಿಂದ ಅದರಲ್ಲಿರುವ ಶುದ್ಧ ಚಿನ್ನ 7.322 ಗ್ರಾಂ. ಕರಾವಳಿಯಲ್ಲಿ ಇಂದಿಗೂ 8 ಗ್ರಾಂ ಚಿನ್ನವನ್ನು ಒಂದು ಪವನು ಎನ್ನುವ ರೂಢಿಯ ಹಿಂದೆ ಇರುವುದು ಈ ನಾಣ್ಯದ ತೂಕವೇ. ಐದನೆಯ ಜಾರ್ಜನ ಕಾಲದ ಸಾವರಿನ್‌ಗಳು ಲಂಡನ್ನಿನಲ್ಲಿ ಮಾತ್ರವಲ್ಲದೆ ಆಸ್ಟ್ರೇಲಿಯದ ಪರ್ತ್, ಸಿಡ್ನಿ, ಮೆಲ್ಬರ್ನ್ ಟಂಕಸಾಲೆಗಳಲ್ಲಿಯೂ ತಯಾರಾದವು. 1918ರಲ್ಲಿ ಮುಂಬಯಿಯಲ್ಲಿಯೂ ಸುಮಾರು 13 ಲಕ್ಷ ನಾಣ್ಯಗಳು ಅಚ್ಚಾದವು. ಟಂಕಸಾಲೆಯನ್ನು ಗುರುತಿಸುವುದು ಇಸವಿಯ ಮೇಲೆ, ನೆಲದ ಗೆರೆಯಲ್ಲಿರುವ ಸಣ್ಣ ಇಂಗ್ಲಿಷ್ ಅಕ್ಷರದಿಂದ. ಮುಂಬಯಿಯದು ‘ಐ’, ಲಂಡನ್ನಿನ ನಾಣ್ಯಕ್ಕೆ ಅಕ್ಷರವಿಲ್ಲ.

ಈ ಒಂದು ಅಕ್ಷರವೇ ಬೆಲೆಯನ್ನು ಬದಲಿಸಬಲ್ಲದು. 1917ರಲ್ಲಿ ಲಂಡನ್ನಿನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಸಾವರಿನ್‌ಗಳು ಅಚ್ಚಾದರೂ ಅವುಗಳಲ್ಲಿ ಬಹುಪಾಲು ಕರಗಿಹೋದುವೆಂದು ನಂಬಲಾಗಿದೆ. ಉಳಿದವು ತೀರ ವಿರಳ. ಅದೇ ವರ್ಷದ ಆಸ್ಟ್ರೇಲಿಯದ ನಾಣ್ಯಗಳು ಸಾಮಾನ್ಯವಾದವು. ಲೋಹದ ಬೆಲೆಯ ಆಸುಪಾಸಿನಲ್ಲೇ ಮಾರಾಟವಾಗುತ್ತವೆ. ನೂರು ವರ್ಷ ಹಳೆಯದಾದ ಮಾತ್ರಕ್ಕೆ ನಾಣ್ಯ ಅಪರೂಪವಾಗದು.

ನಕಲಿಯ ವಿಚಾರ ಇನ್ನೂ ವಿಚಿತ್ರವಾದುದು. 1950-60ರ ದಶಕಗಳಲ್ಲಿ ಲೆಬನಾನಿನ ಬೈರೂತ್‌ನಲ್ಲಿ ತಯಾರಾದ ಖೋಟಾ ಸಾವರಿನ್‌ಗಳಲ್ಲಿ ಅನೇಕವು ಚಿನ್ನದ ಮಟ್ಟಿಗೆ ಕೊರತೆಯಿಲ್ಲದವು. ಅಕ್ಕಸಾಲಿಗನ ಒರೆಗಲ್ಲು ಅವುಗಳನ್ನು ತಿರಸ್ಕರಿಸದು, ಸಂಗ್ರಾಹಕ ತಿರಸ್ಕರಿಸುತ್ತಾನೆ. ಹಾಗೆಯೇ ಕಾಸಿನ ಸರಕ್ಕಾಗಿ ಕೊಂಡಿ ಬೆಸೆದ ನಾಣ್ಯವಾಗಲಿ, ಹೊಳಪಿಗಾಗಿ ಪಾಲಿಷ್ ಮಾಡಿಸಿದ ನಾಣ್ಯವಾಗಲಿ ಸಂಗ್ರಹದ ಬೆಲೆಯ ದೊಡ್ಡ ಪಾಲನ್ನು ಕಳೆದುಕೊಳ್ಳುತ್ತದೆ. ಮಾರುವ ಮುನ್ನ ನಾಣ್ಯವನ್ನು ಹುಣಿಸೆಹಣ್ಣಿನಿಂದ ಉಜ್ಜಿ ತರುವವರು ತಮ್ಮ ಕೈಯಾರೆ ನಷ್ಟ ಮಾಡಿಕೊಂಡಂತೆ.

ಲೆಕ್ಕಕ್ಕಾಗಿ ಶುದ್ಧ ಚಿನ್ನದ ದರ ಗ್ರಾಂಗೆ 10,000 ರೂ. ಎಂದು ಭಾವಿಸೋಣ. ಆಗ ಸಾವರಿನ್ನಿನ ಲೋಹದ ಬೆಲೆ 73,220 ರೂ. ‘ಅಪರೂಪದ್ದು’ ಎಂಬ ಮಾತಿಗೆ ಒಪ್ಪಿ ವರ್ತಕನೊಬ್ಬ 85,000 ರೂ. ಕೊಟ್ಟರೆ ಹೆಚ್ಚುವರಿ 11,780 ರೂ. ಹಣದ ತುರ್ತಿನಲ್ಲಿ ಅದನ್ನು ಆಭರಣದಂಗಡಿಗೆ ಒಯ್ದಾಗ ಶೇ. 2ರಷ್ಟು ಕಡಿತವಾದರೂ ಕೈಗೆ ಬರುವುದು 71,756 ರೂ.; ನಷ್ಟ 13,244 ರೂ. ಕಡಿತವನ್ನು ಬದಿಗಿಟ್ಟರೂ ಅಸಲು ದೊರೆಯಲು ಚಿನ್ನದ ದರ ಶೇ. 16ರಷ್ಟು ಏರಬೇಕು. ಅಪರೂಪತೆಗೆ ಹಣ ತೆತ್ತವನು ಅದನ್ನು ಗುರುತಿಸಬಲ್ಲ ಗಿರಾಕಿ ಸಿಗುವವರೆಗೆ, ಕೆಲವೊಮ್ಮೆ ಹರಾಜಿನವರೆಗೆ, ಕಾಯಬೇಕಾಗುತ್ತದೆ. ದುಡಿಯುವ ಬಂಡವಾಳಕ್ಕೆ ಅಂಥ ತಾಳ್ಮೆ ಇರುವುದಿಲ್ಲ. ಬ್ಯಾಂಕಿನ ಅಡಮಾನದಲ್ಲಿಯೂ ಲೆಕ್ಕಕ್ಕೆ ಬರುವುದು ಒಳಗಿರುವ ಚಿನ್ನವಷ್ಟೇ; ಚರಿತ್ರೆಗೆ ಸಾಲ ದೊರೆಯದು. ಅಲ್ಲದೆ ನಾಣ್ಯಗಳ ಅಡಮಾನಕ್ಕೆ ರಿಸರ್ವ್ ಬ್ಯಾಂಕು ಒಬ್ಬ ಗ್ರಾಹಕನಿಗೆ 50 ಗ್ರಾಂಗಳ ಮಿತಿಯನ್ನೂ ವಿಧಿಸಿದೆ.

ಕನ್ನಡ ನಾಡಿನದೇ ಆದ ನಾಣ್ಯಗಳಲ್ಲಿ ಈ ಅಂತರ ಇನ್ನೂ ಹೆಚ್ಚು. ವಿಜಯನಗರದ ವರಾಹದ ತೂಕ ಸುಮಾರು 3.4 ಗ್ರಾಂ, ಮೈಸೂರಿನ ಕಂಠೀರವ ನರಸರಾಜ ಒಡೆಯರ ಹೆಸರಿನ ಹಣವಂತೂ ಅರ್ಧ ಗ್ರಾಂ ಸಹ ತೂಗದು. ಇವುಗಳನ್ನು ಗ್ರಾಂ ಲೆಕ್ಕದಲ್ಲಿ ಮಾರಿ ಕರಗಿಸುವುದು ದುಡ್ಡಿನ ದೃಷ್ಟಿಯಿಂದಲೂ ಅವಿವೇಕ. ಆದರೆ ಇಲ್ಲಿ ಕಾನೂನಿನ ಅರಿವೂ ಅಗತ್ಯ. 1972ರ ಪ್ರಾಚ್ಯವಸ್ತು ಕಾಯಿದೆಯನ್ವಯ ನೂರು ವರ್ಷ ದಾಟಿದ ನಾಣ್ಯ ಪ್ರಾಚ್ಯವಸ್ತು. ಅಂಥವುಗಳ ವ್ಯಾಪಾರಕ್ಕೆ ಪರವಾನಗಿ ಬೇಕು, ಖಾಸಗಿಯವರು ವಿದೇಶಕ್ಕೆ ಕಳುಹಿಸುವಂತಿಲ್ಲ. ಕಾರ್ಖಾನೆಯ ಪಾಯ ತೋಡುವಾಗ ದೊರೆತ ನಾಣ್ಯಗಳ ವಿಷಯವನ್ನು ಜಿಲ್ಲಾಧಿಕಾರಿಗಳಿಗೆ ತಿಳಿಸಲೇಬೇಕು. ಮನೆತನದಿಂದ ಬಂದ ನಾಣ್ಯಗಳಿದ್ದಲ್ಲಿ ತೂಕ, ಇಸವಿ ಮತ್ತು ಟಂಕಸಾಲೆಯ ಅಕ್ಷರವನ್ನು ಬರೆದಿಟ್ಟು, ಅಕ್ಕಸಾಲಿಗನಿಗೂ ನಾಣ್ಯಶಾಸ್ತ್ರ ಬಲ್ಲವರಿಗೂ ಬೇರೆ ಬೇರೆಯಾಗಿ ತೋರಿಸಿದ ಮೇಲೆ ಮಾರಾಟದ ವಿಚಾರ ಮಾಡುವುದು ಲೇಸು.