ಮಧುಮೇಹವೂ ರಕ್ತನಾಳಗಳ ಒಳಪೊರೆಯೂ

ಮಧುಮೇಹವುಳ್ಳ ಶ್ರಾವಕ ಶ್ರಾವಿಕೆಯರು ಅಷ್ಟಮಿ ಚತುರ್ದಶಿಗಳಲ್ಲಿ ಉಪವಾಸ ಮಾಡಬಹುದೇ ಎಂಬ ಪ್ರಶ್ನೆ ನಮ್ಮ ಮನೆಗಳಲ್ಲಿ ಆಗಾಗ್ಗೆ ಏಳುತ್ತದೆ. ಉತ್ತರಕ್ಕೆ ಮೊದಲು ಈ ರೋಗವು ದೇಹದಲ್ಲಿ ಎಲ್ಲಿ ಕೇಡು ಮಾಡುತ್ತದೆಂಬುದನ್ನು ಅರಿಯಬೇಕು. ರೋಗವು ಕಾಣಿಸಿಕೊಳ್ಳುವುದು ರಕ್ತದ ಸಕ್ಕರೆಯಲ್ಲಿ. ಅದು ಕೆಡಿಸುವುದು ಮುಖ್ಯವಾಗಿ ರಕ್ತನಾಳಗಳನ್ನು.

ಪ್ರತಿಯೊಂದು ರಕ್ತನಾಳದ ಒಳಮೈಗೆ ಒಂದೇ ಜೀವಕೋಶದಷ್ಟು ದಪ್ಪದ ಪೊರೆಯುಂಟು. ಬಹುಕಾಲ ಇದನ್ನು ಕೊಳವೆಯ ಬರಿಯ ಲೇಪವೆಂದೇ ಭಾವಿಸಲಾಗಿತ್ತು. ಅಮೆರಿಕದ ರಾಬರ್ಟ್ ಫರ್ಚ್‌ಗಾಟ್ ಅವರು ಮೊಲದ ಮಹಾಪಧಮನಿಯ ತುಣುಕುಗಳಲ್ಲಿ ಈ ಪೊರೆಯನ್ನು ಉಜ್ಜಿ ತೆಗೆದರೆ, ಅಸಿಟೈಲ್‌ಕೋಲಿನ್ ಎಂಬ ದ್ರವ್ಯಕ್ಕೆ ನಾಳವು ಸಡಿಲಗೊಳ್ಳುವುದಿಲ್ಲವೆಂದು 1980ರಲ್ಲಿ ತೋರಿಸಿದರು. (ಪ್ರಾಣಿಯಿಂದ ದೊರೆತ ತಿಳಿವೆಂಬುದು ನಮಗೆ ನೋವಿನ ಸಂಗತಿ, ಆದರೂ ಮರೆಮಾಚತಕ್ಕದ್ದಲ್ಲ.) ಪೊರೆಯು ಸೂಸುವ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವೇ ನಾಳವನ್ನು ಸಡಿಲಗೊಳಿಸುವುದೆಂದು ಅನಂತರ ತಿಳಿದುಬಂದಿತು. ಈ ಶೋಧಕ್ಕಾಗಿ 1998ರಲ್ಲಿ ಫರ್ಚ್‌ಗಾಟ್, ಇಗ್ನಾರೋ ಮತ್ತು ಮುರಾದ್ ಅವರಿಗೆ ನೊಬೆಲ್ ಪಾರಿತೋಷಕ ಸಂದಿತು. ರಕ್ತವು ಗೋಡೆಗಂಟಿ ಹೆಪ್ಪುಗಟ್ಟದಂತೆ ಕಾಯುವುದರಲ್ಲಿಯೂ ಈ ಅನಿಲದ ಪಾತ್ರವಿದೆ.

ಸ್ನಾಯು ಮತ್ತು ಕೊಬ್ಬಿನ ಕೋಶಗಳು ಇನ್ಸುಲಿನ್ನಿನ ಅಪ್ಪಣೆ ದೊರೆತಾಗಲೇ ಹೆಚ್ಚು ಸಕ್ಕರೆಯನ್ನು ಒಳಕ್ಕೆ ಬಿಟ್ಟುಕೊಳ್ಳುತ್ತವೆ. ಒಳಪೊರೆಯ ಕೋಶಕ್ಕೆ ಆ ಸಂಯಮವಿಲ್ಲ. ರಕ್ತದಲ್ಲಿ ಸಕ್ಕರೆ ಏರಿದಂತೆ ಅದರೊಳಗೂ ಏರುತ್ತದೆ. ಅತಿಯಾದ ಸಕ್ಕರೆ ಅಲ್ಲಿ ದಹಿಸುವಾಗ ಹುಟ್ಟುವ ಸೂಪರಾಕ್ಸೈಡ್ ಎಂಬ ಉಗ್ರ ಆಮ್ಲಜನಕವು ನೈಟ್ರಿಕ್ ಆಕ್ಸೈಡನ್ನು ನಾಶಗೊಳಿಸುತ್ತದೆ. ಸಕ್ಕರೆಯು ಪ್ರೋಟೀನುಗಳಿಗೂ ಅಂಟಿಕೊಂಡು ಗೋಡೆಯನ್ನು ಬಿರುಸಾಗಿಸುತ್ತದೆ. ಹೀಗೆ ನಾಳವು ಬಿಗಿಯುತ್ತದೆ, ಸೋರುತ್ತದೆ. ಕಣ್ಣಿನ ಅಕ್ಷಿಪಟಲ ಕೆಡುವುದೂ, ಮೂತ್ರದಲ್ಲಿ ಆಲ್ಬುಮಿನ್ ಇಳಿಯುವುದೂ, ಹೃದಯದ ನಾಳಗಳು ಕಟ್ಟಿಕೊಳ್ಳುವುದೂ ಬಹುಮಟ್ಟಿಗೆ ಇದರ ಫಲವೇ.

1993ರಲ್ಲಿ ಪ್ರಕಟವಾದ ಅಮೆರಿಕ-ಕೆನಡಾಗಳ ಅಧ್ಯಯನವೊಂದು ಇನ್ಸುಲಿನ್ ಅವಲಂಬಿಸಿದ 1,441 ರೋಗಿಗಳನ್ನು ಸರಾಸರಿ ಆರೂವರೆ ವರ್ಷ ಪರಿಶೀಲಿಸಿತು. ಸಕ್ಕರೆಯನ್ನು ಬಿಗಿಯಾಗಿ ಹಿಡಿತದಲ್ಲಿಟ್ಟವರ ಕಣ್ಣು, ಮೂತ್ರಪಿಂಡಗಳು ಹೆಚ್ಚು ಸುರಕ್ಷಿತವಾಗಿದ್ದವು. ಅಧ್ಯಯನದ ತರುವಾಯ ಎರಡು ಗುಂಪುಗಳ ಸಕ್ಕರೆಯೂ ಸಮೀಪಿಸಿತಾದರೂ ಮೊದಲಿನ ಅಂತರದ ಫಲ ವರ್ಷಗಟ್ಟಲೆ ಉಳಿಯಿತು. ನಾಳಗಳು ಹಳೆಯ ಸಕ್ಕರೆಯನ್ನು ಮರೆಯುವುದಿಲ್ಲ.

ಇನ್ನು ಉಪವಾಸದ ವಿಚಾರ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಜಾತಿಯ ಮಾತ್ರೆ ತೆಗೆದುಕೊಂಡು ನಿರಾಹಾರವಿದ್ದರೆ ಸಕ್ಕರೆ ಅಪಾಯಕರವಾಗಿ ಕುಸಿಯಬಹುದು. ತಾವಾಗಿಯೇ ಇನ್ಸುಲಿನ್ ಬಿಟ್ಟರೆ ರಕ್ತ ಆಮ್ಲೀಯವಾಗಿ ಪ್ರಾಣಕ್ಕೇ ಎರವಾದೀತು. ನಿರ್ಜಲ ಉಪವಾಸದಲ್ಲಿ ರಕ್ತ ಗಟ್ಟಿಯಾಗುವುದು, ಕೆಟ್ಟ ಒಳಪೊರೆಯುಳ್ಳವರಿಗೆ ಇನ್ನೊಂದು ಭಯ. ಪಾರಣೆಯ ಪಾಯಸ ಹೋಳಿಗೆಗಳು ಸಕ್ಕರೆಯನ್ನು ಒಮ್ಮೆಗೇ ಏರಿಸುತ್ತವೆ.

ಉಪವಾಸವಿಲ್ಲದ ದಿನವೂ ಒಂದು ತೊಡಕುಂಟು. ರಾತ್ರಿಭೋಜನ ತ್ಯಾಗವುಳ್ಳವರು ಸೂರ್ಯಾಸ್ತಕ್ಕೆ ಮೊದಲೇ ಉಣ್ಣುತ್ತಾರೆ. ವೈದ್ಯರು "ರಾತ್ರಿ ಊಟಕ್ಕೆ ಮುಂಚೆ" ಎಂದು ಬರೆದ ಮಾತ್ರೆಯನ್ನು ಒಂಬತ್ತು ಗಂಟೆಗೆ ಬರಿಹೊಟ್ಟೆಯಲ್ಲಿ ನುಂಗಿದರೆ ನಡುರಾತ್ರಿ ಬೆವರು, ನಡುಕ ಬರಬಹುದು. ನಮ್ಮ ಊಟದ ವೇಳೆಯನ್ನು ವೈದ್ಯರಿಗೆ ನಾವೇ ಹೇಳಬೇಕು, ಅವರು ಊಹಿಸಲಾರರು.

ಷೋಡಶಕಾರಣ ಭಾವನೆಗಳಲ್ಲಿ ಶಕ್ತಿತಸ್ತಪವೂ ಒಂದು. ಅನಶನವಲ್ಲದೆ ಊನೋದರ, ರಸಪರಿತ್ಯಾಗಗಳೂ ಬಾಹ್ಯತಪಗಳೇ. ಸಕ್ಕರೆ, ಬೆಲ್ಲ, ತುಪ್ಪಗಳ ತ್ಯಾಗವು ಮಧುಮೇಹಿಗೆ ಹೊಂದುತ್ತದೆ. ಉಪವಾಸವನ್ನೇ ಮಾಡುವುದಾದರೆ ಕೆಲವು ದಿನ ಮೊದಲೇ ವೈದ್ಯರನ್ನು ಕಂಡು ಔಷಧದ ಪ್ರಮಾಣವನ್ನು ಗೊತ್ತುಮಾಡಿಕೊಳ್ಳತಕ್ಕದ್ದು. ಸಕ್ಕರೆ 70 ಮಿಲಿಗ್ರಾಮಿಗಿಂತ ಇಳಿದರೆ, ಹೊತ್ತು ಯಾವುದೇ ಇರಲಿ, ಕೂಡಲೇ ಸಕ್ಕರೆ ನೀರು ಕುಡಿಯಬೇಕಾಗುತ್ತದೆ. ಈ ಸಂಭವವನ್ನು ವ್ರತ ಸ್ವೀಕರಿಸುವಾಗಲೇ ಗುರುಗಳಲ್ಲಿ ಅರಿಕೆ ಮಾಡಿಕೊಂಡಿರುವುದು ಲೇಸು.